ತುಟಿ ತಾಗುವ ಊರುಗಳು

ಅರಗಾ, ಚೆಂಡಿಯಾ, ತೋಡೂರು.
ಇವನ್ನೆಲ್ಲ ತುಟಿಗೆ ತುಟಿ ತಾಗಿಸದೆ ಕೂಗಬಹುದು.
ಬಿಣಗಾ ಬಂದರೆ ಆಗುವುದಿಲ್ಲ.
ಅಮದಳ್ಳಿಯೂ.
ಹದಿನಾಲ್ಕು ವರ್ಷ ಈ ರೂಟಿನಲ್ಲಿ ಟಿಕೆಟ್ ಹರಿದವಳಿಗೆ
ಇದು ಗೊತ್ತಾದದ್ದು ಹೋದ ಮಂಗಳವಾರ,
ಕೆಳತುಟಿಯ ಎಡ ಅಂಚಿನಲ್ಲಿ
ಇರುವೆ ಹರಿದಂತಾದಾಗ.

ಕನ್ನಡಿಯಲ್ಲಿ ಏನಿಲ್ಲ.
ಟಾರ್ಚು ಹಿಡಿದರೂ ಇಲ್ಲ.
ನಾಲಿಗೆ ತಾಗಿಸಿದರೆ ಇದೆ.

'ಜೇಡ ಉಚ್ಚೆ ಹೊಯ್ದಿರ್ತದೆ, ತುಪ್ಪ ಹಚ್ಚು'
ಅಂದಳು ಪಕ್ಕದ್ಮನೆ ಸುಬ್ಬತ್ತೆ.
ಜೇಡನ ಹೆಸರು ನಾನು ಹೇಳಲಿಲ್ಲ.
ಬೈತಖೋಲದಲ್ಲಿ ಬೋಟಿನ ಇಂಜಿನ್ ಬಿಚ್ಚುತ್ತಾನೆ,
ಉಗುರಿನಡಿ ಡೀಸೆಲ್ಲು,
ನಗುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ, ರೋಹಿದಾಸ.

ಹನ್ನೊಂದು ದಿನದ ಹಿಂದೆ ಅವನ ಖೋಲಿಯಲ್ಲಿ
ಬಾಯಿಗೆ ಮಾತಲ್ಲದ ಕೆಲಸವೂ ಉಂಟೆಂದು
ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತೆ.
ನಾಚಿಕೆಯಾಗಲಿಲ್ಲ.
ಅದಕ್ಕೇ ಈಗ ನಾಚಿಕೆ.

ಕಾರವಾರದ ಲ್ಯಾಬಿನವರೆಲ್ಲ ನನ್ನ ಬಸ್ಸಿನವರೇ,
ದಿನಾ ಪಾಸು ತೋರಿಸುವವರು.
ವಾರದ ರಜೆಯಲ್ಲಿ ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ
ಕಾಣಕೋಣಕ್ಕೆ ಹೋದೆ.
ಇನ್ನೊಬ್ಬ ಕಂಡಕ್ಟರನ ಕೈಗೆ ಸರಿಯಾಗಿ ಚಿಲ್ಲರೆ ಕೊಟ್ಟೆ.

'ಹೆಸರು?' ಅಂತು ಕೌಂಟರಿನ ಹುಡುಗಿ.
ಬಾಯಿಗೆ ಬಂದದ್ದು ಸ್ಟಾಪುಗಳೇ.
'ತೋಡೂರಕರ. ಲೀಲಾ ತೋಡೂರಕರ.'
ತುಟಿ ತಾಗದ ಹೆಸರು.

ಡಾಕ್ಟರಬಾಯಿ ದೀಪ ಎಳೆದು ನೋಡಿದಳು.
'ಗುಳ್ಳೆ ಎದ್ದಿದ್ದರೆ ಹತ್ತಿಕಡ್ಡಿಯಲ್ಲಿ ಒರೆಸಿ ಕಳಿಸಬಹುದಿತ್ತು.
ಎದ್ದೇ ಇಲ್ಲ, ಏನನ್ನು ಒರೆಸಲಿ?
ರಕ್ತ ಇಷ್ಟು ಬೇಗ ಬಾಯಿ ಬಿಡುವುದಿಲ್ಲ ಮಗಾ,
ಹನ್ನೆರಡು ವಾರ ಬೇಕು.
ಆಮೇಲೆ ಹೌದು ಅಂದರೂ,
ಒಂದನೇ ನಂಬರಿನದು ಎಷ್ಟೋ ಜನರಿಗೆ ಸಣ್ಣಂದಿನಿಂದ ಇರ್ತದೆ.
ಮುದ್ದು ಮಾಡಿದ ಅಜ್ಜಿ ಕೊಟ್ಟದ್ದೂ ಆಗಬಹುದು.'

ನನ್ನ ಅಜ್ಜಿ
ಬಂಗಡೆಯ ಮುಳ್ಳನ್ನು ತನ್ನ ಬಾಯಲ್ಲೇ ಬಿಡಿಸಿ
ಮೆತ್ತಗಾದದ್ದನ್ನು ನನ್ನ ಬಾಯಿಗಿಡುತ್ತಿದ್ದಳು.
ಅವಳ ತುಟಿಯ ಮೇಲೊಂದು ಕಲೆಯಿತ್ತೇ?
ಎಷ್ಟು ನೆನೆದರೂ
ಮೀನಿನ ರುಚಿ ಬರುತ್ತದೆ, ಮುಖ ಬರುವುದಿಲ್ಲ.

ಹನ್ನೆರಡು ವಾರವೆಂದರೆ ಎಪ್ಪತ್ತೆರಡು ಡ್ಯೂಟಿ.
ಮಳೆಗಾಲದಲ್ಲಿ ಬೋಟು ಬಂದ್ ಇರುವುದೂ ಅಷ್ಟು ದಿನವಿಲ್ಲ.
ನೋಟು ಎಣಿಸಲು ಬೆರಳು ನಾಲಿಗೆಗೆ ಹೋಗುತ್ತದೆ,
ಅರ್ಧ ದಾರಿಯಲ್ಲಿ ನಿಲ್ಲುತ್ತದೆ.
ಚೆಂಡಿಯಾದ ಪೋರಿ ಎಂದಿನಂತೆ
'ಅಕ್ಕೋರೇ, ಸೀಟಿ ಒಂದ್ಸಲ' ಅಂತ ಕೈಚಾಚಿದಳು.
ಸೀಟಿಯನ್ನು ಜೇಬಿಗೆ ಹಾಕಿದೆ.
'ಹಾಳಾಗಿದೆ' ಅಂದೆ.
ಮುಂದಿನ ಸ್ಟಾಪಿನಲ್ಲಿ ಅದನ್ನೇ ಊದಬೇಕಾಯ್ತು.
ಅವಳು ತಿರುಗಿ ನೋಡಿದಳು, ಏನೂ ಅನ್ನಲಿಲ್ಲ.

ನಿನ್ನೆ ಅಂಕೋಲಾದಿಂದ ಕೊನೆ ಟ್ರಿಪ್ಪು.
ಹಿಂದಿನ ಸೀಟಿನಲ್ಲಿ ಕೂತು ಅವನಿಗೆ ಫೋನು ಹಚ್ಚಿದೆ.
'ನಿನಗೆ ಯಾವತ್ತಾದರೂ ಅಲ್ಲಿ ಗುಳ್ಳೆ, ಉರಿ, ಏನಾದರೂ…'
ಇಂಜಿನ್ನಿನ ಸದ್ದು ನಿಂತಿತು ಅವನ ಕಡೆ.
ಬಹಳ ಹೊತ್ತು ಬರೇ ಸಮುದ್ರ.
'ಗೊತ್ತಿಲ್ಲ ಮಾರಾಯ್ತಿ,' ಅಂದ.
ಆಮೇಲೆ, 'ನಾನೂ ಬರ್ಲಾ, ಆ ಲ್ಯಾಬಿಗೆ?'

ಬೇಡ ಅನ್ನಲೂ ತುಟಿ ತಾಗಬೇಕು.
ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟ,
ಗೋಣಿಚೀಲದ ಮುದುಕಿ ಎದ್ದು ನಿಂತಳು.
ಫೋನು ಕಿವಿಯಲ್ಲೇ ಇಟ್ಟುಕೊಂಡು
ಕೂಗಿದೆ:
ಬಿಣಗಾ.