ಗುರುವಾರದ ಚೀಲ

ಅಜ್ಮಾನಿನ ಮೀನು ಮಾರುಕಟ್ಟೆಯ ಹಿಂದೆ ನನ್ನ ಲಾಂಡ್ರಿ.
ಗುರುವಾರ ರಾತ್ರಿ ಕಾಲೇಜಿನ ಚೀಲ ಬಂದು ಧೊಪ್ಪನೆ ಬೀಳುತ್ತದೆ:
ಹದಿನೈದು ಹಸಿರು ಜರ್ಸಿ,
ಹದಿನಾಲ್ಕೂವರೆ ಜೊತೆ ಕಾಲುಚೀಲ.
ಆ ಅರ್ಧ ಎಲ್ಲಿ ಹೋಯಿತೋ ಕೋಚಿಗೂ ಗೊತ್ತಿಲ್ಲ.

ಒಂದು ಆಟವನ್ನೂ ನಾನು ನೋಡಿದವನಲ್ಲ,
ಆ ಹೊತ್ತಿಗೆ ಇಸ್ತ್ರಿ ಕಾದಿರುತ್ತದೆ.
ಆದರೂ ಸ್ಕೋರು ತಿಳಿಯುತ್ತದೆ.
ಸೋತ ಅಂಗಿಗಳು ಒಳಮೈ ಹೊರಗಾಗಿ, ಉಂಡೆಗಟ್ಟಿ ಬರುತ್ತವೆ.
ಗೆದ್ದವುಗಳಿಗೆ ಪೆಪ್ಸಿಯ ಅಂಟು.

ಅಕ್ಟೋಬರಿನಲ್ಲಿ ಬರೀ ಬೆವರು,
ಕೊಡವಿದರೆ ಉಪ್ಪು ಉದುರುವಷ್ಟು.
ನವೆಂಬರಿನಲ್ಲಿ ಒಂಬತ್ತನೇ ನಂಬರಿನ ತೋಳಿಗೆ ರಕ್ತ.
ಮುತಸಿಮ್, ಸುಡಾನಿನ ಹುಡುಗ, ತಾನೇ ಓಡಿ ಬಂದ:
"ಚಾಚಾ, ತಣ್ಣೀರಲ್ಲೇ ತೊಳಿ, ಬಿಸಿಗೆ ಕಲೆ ಕೂರುತ್ತೆ."
ನನಗೇ ಪಾಠ!
ಇಪ್ಪತ್ತಾರು ವರ್ಷ ಊರವರ ಕಲೆ ಕಳೆದವನಿಗೆ.

ಜನವರಿಯಲ್ಲಿ ಹದಿನಾಲ್ಕೇ ಬಂದವು.
ಅವನಪ್ಪನ ಕಂಪನಿ ಬಾಗಿಲು ಹಾಕಿತಂತೆ.
ವೀಸಾಕ್ಕೆ ಉಳಿದದ್ದು ನಾಲ್ಕು ವಾರ,
ಸೆಮಿಫೈನಲ್ಲಿಗೆ ಐದು.

ಸೆಮಿಫೈನಲ್ ಮುಗಿದ ರಾತ್ರಿ ಎಣಿಸಿದೆ:
ಹದಿನೈದು.
ಮತ್ತೆ ಎಣಿಸಿದೆ.
ಒಂಬತ್ತಕ್ಕೆ ಬೆವರಿಲ್ಲ, ಮಣ್ಣಿಲ್ಲ,
ಬೆನ್ನ ಉದ್ದಕ್ಕೆ ಕೆಂಪಗೆ ಒಂದು ಗೆರೆ,
ಬೆಂಚಿನ ತುಕ್ಕು.
ಆಟ ಮುಗಿವ ತನಕ ಅಲ್ಲೇ ಹೊದಿಸಿಟ್ಟಿದ್ದರು ಅಂತ ಕಾಣುತ್ತದೆ.

ಉಳಿದವುಗಳಲ್ಲಿ ಕೆಲವು ಒಳಮೈ ಹೊರಗೆ,
ಕೆಲವಕ್ಕೆ ಪೆಪ್ಸಿ.
ಗೆದ್ದರೋ ಸೋತರೋ, ಆವತ್ತು ನನಗೆ ಓದಲು ಬರಲಿಲ್ಲ.

ತುಕ್ಕು ನಿಂಬೆಹುಳಿಗೆ ಹೋಗುತ್ತದೆ.
ಹುಳಿ ಕೈಯಲ್ಲಿತ್ತು. ಹಚ್ಚಲಿಲ್ಲ.
ಇಸ್ತ್ರಿ ಮಾತ್ರ ಹಾಕಿ ಎಲ್ಲಕ್ಕಿಂತ ಮೇಲಿಟ್ಟೆ,
ಬಿಲ್ಲಿನಲ್ಲಿ ಹದಿನಾಲ್ಕು ಅಂತಲೇ ಬರೆದೆ.