ಕೆಡಿಸಿದ್ದಕ್ಕ ಐವತ್ತು

ದುರ್ಗದಬೈಲಿನ ಮಿರ್ಚಿ ಬಾಣಲಿ ಮುಂದ ಅದೇ ಹಾಡು.
ಚನ್ನಮ್ಮ ಸರ್ಕಲ್ಲಿನ ಆಟೋದಾಗ ಅದೇ.
ಕೇಶ್ವಾಪುರದ ಮದಿವ್ಯಾಗ ಅಕ್ಕಿಕಾಳು ಬೀಳೂದರೊಳಗ ಶುರು ಆತು.
ನಮ್ಮ ಡಾಕ್ಟರ್ ಸಾಹೇಬ್ರ ಫೋನು ಸುದ್ದಾ
ನನ್ನ ಬಿ.ಪಿ. ನೋಡೂ ಮುಂದ ಅದನ್ನ ಬಡಕೊಂತು.

ಹಾಡಿನ ಹೆಸರು ‘ಕಡೀ ಬಸ್ಸು’.
ಹಾಡಿದವ್ರು ‘ಮೂರನೇ ಶಿಫ್ಟ್’.
ಮದಲನೇ ಹಾಡು, ಮದಲನೇದಕ್ಕ ಇಷ್ಟು ಹೆಸರು.
ಎಲ್ಲಾರೂ ಕೇಳ್ತಾರ, ಆ ಸ್ವರ ಹೆಂಗ ತಗದ್ರು ಅಂತ:
ಪಲ್ಲವಿ ಮುಗದು, ಡ್ರಮ್ ಮುಗದು,
ಒಂದೇ ಒಂದು ಸ್ವರ
ಮನಿಗೆ ಹೋಗದ ನಿಂತಿರ್ತದಲ್ಲ, ಅದು.

ನನಗ ಗೊತ್ತೈತಿ.

ಶಾ ಬಜಾರಿನ ಗಲ್ಲಿಯೊಳಗ ಆರು ಫೂಟಿನ ಅಂಗಡಿ ನಂದು,
ದಿಲಾವರ್ ರೇಡಿಯೋಸ್.
ದಿಲಾವರ್ ಅಂದ್ರ ನಮ್ಮಪ್ಪ. ಹಾರ್ಮೋನಿಯಂ ಶ್ರುತಿ ಮಾಡ್ತಿದ್ದ,
ಧಾರವಾಡದಿಂದ ಟಾಂಗಾದಾಗ ಪೇಟಿ ಬರ್ತಿದ್ವು.
ಕರಿ ಎರಡು ಕೂದಲೆಳಿಯಷ್ಟು ಇಳದ್ರೂ
ಹಲ್ಲು ಸಿಡದವರಂಗ ಮಾರಿ ಮಾಡ್ತಿದ್ದ.
ನಾ ಟ್ರಾನ್ಸಿಸ್ಟರ್ ಹಿಡದೆ, ಆಮ್ಯಾಲ ಟೇಪು, ಆಮ್ಯಾಲ ಟಿವಿ,
ಈಗ ಯಾರೂ ರಿಪೇರಿ ಮಾಡಿಸದ ಎಲ್ಲಾ ಸಾಮಾನು.

ಒಂದು ಸ್ಕೂಟರಿನ ಮ್ಯಾಲ ಮೂರು ಮಂದಿ ಬಂದ್ರು.
ರೈಲ್ವೆ ಕಾಲೋನಿಯ ಗ್ಲೋರಿ, ಬೆಟಗೇರಿಯ ಫಕ್ಕೀರೇಶ,
ಮತ್ತ ಮಾತಾಡದ ಒಬ್ಬ ಹುಡುಗ, ಅಡ್ಡಹೆಸರು ಸವಣೂರ.
ನಡುವ, ಕೌದ್ಯಾಗ ಸುತ್ತಿ, ಜ್ವರ ಬಂದ ಕೂಸಿನಂಗ
ಒಂದು ಸಿಂಥಸೈಜರ್.
ಬಾಗಿಲು ಹಾಕಿದ ಆರ್ಕೆಸ್ಟ್ರಾದ್ದಂತ,
ಬೆನ್ನ ಮ್ಯಾಲ ಇನ್ನೂ ಅರ್ಧ ಅಳಿಸಿದ ಅಕ್ಷರ: ‘...ಲೋಡೀಸ್, ಗದಗ’.
“ಒಂದು ಮನಿ ಕೆಟ್ಟೈತ್ರಿ ಕಾಕಾ,
ಬೆರಳ ತಗದ್ರೂ ಸ್ವರ ಹೋಗವಲ್ದು.”

ಬಿಚ್ಚಿದೆ.
ಒಳಗ ಮೂರು ಅಕ್ಕಿಕಾಳು, ಒಂದು ಹೇರ್‌ಪಿನ್ನು, ಸತ್ತ ಜಿರಲಿ,
ಯಾರ ಮದಿವಿದೋ ಏನೋ ಒಂದೀಟು ಅರಿಷಿಣ.
ಮನಿಯ ಕೆಳಗಿನ ರಬ್ಬರು ಸವದಿತ್ತು.
ತಗದು ಒಗದೆ, ಹೊಸಾದು ಹಾಕಿದೆ, ಮುನ್ನೂರೈವತ್ತು ತಗೊಂಡೆ.
ಒತ್ತಿದರ ಸ್ವರ. ಬಿಟ್ಟರ ಸುಮ್ಮ.
ನಳ ತಿರುವಿದಂಗ.
ಅಪ್ಪ ಇದ್ದಿದ್ರ ಮಾತಾಡದ ಬೀಡಿ ಹಚ್ಚತಿದ್ದ.

ನಾಕು ದಿನಕ್ಕ ತಿರುಗಿ ಬಂದ್ರು.
“ಮದಲಿನ್ಹಂಗ ಮಾಡಿ ಕೊಡ್ರಿ.”

ನಲವತ್ತೊಂದು ವರ್ಷದಾಗ ಯಾರೂ ಕೇಳಿದ್ದಿಲ್ಲ.
ಚೇಷ್ಟಿ ಅಂದ್ಕೊಂಡೆ. ಬೈದೆನೂ ಬೈದೆ.
ಗ್ಲೋರಿ ಏನೂ ಅನ್ಲಿಲ್ಲ, ನನ್ನ ಗಲ್ಲಾಪೆಟ್ಟಿಗಿ ಮ್ಯಾಲಿಟ್ಟು ಬಾರಿಸಿದ್ಲು.
ಹಾಡು ಓಡಿ ಬಂತು, ನಿಲ್ಲೂ ಕಡೆ ನಿಂತ್ತು.
ತಪ್ಪು ಒಂದೂ ಇರಲಿಲ್ಲ.
“ಇಲ್ಲಿ ಬಸ್ಸು ಹೋಗೇಬಿಡ್ತದ ಕಾಕಾ,” ಅಂದ್ಲು.
“ಮದಲ, ಹೋದಮ್ಯಾಲೂ ಕೇಳಸ್ತಿತ್ತು.”

ಒಗದ ಸಾಮಾನಿಂದು ಒಂದು ಡಬ್ಬಿ ಐತಿ, ಡಾಲ್ಡಾದ್ದು.
ಸುರುವಿದೆ. ನೂರಾರು ರಬ್ಬರು, ಎಲ್ಲಾ ಒಂದೇ ತಾಯಿ ಮಕ್ಕಳು.
ಅಷ್ಟರಾಗ ಕರೆಂಟು ಹೋತು.
ಸವಣೂರ ಟಾರ್ಚ್ ಹಿಡದ, ಫಕ್ಕೀರೇಶ ಚಾ ತಂದ,
ನಾವು ನಾಕು ಮಂದಿ ನೆಲದ ಮ್ಯಾಲ ಕುಂತು
ಜ್ವಾಳ ಹಸನ ಮಾಡಿದಂಗ ಮಾಡಿದ್ವಿ.
ಅರಿಷಿಣ ಹತ್ತಿದ್ದು ಸಿಕ್ತು.

ಬಿಲ್ಲಿನಾಗ ಏನಂತ ಬರೀಲಿ?
ಪೆನ್ನು ಹಿಡದು ಬಾಳ ಹೊತ್ತು ಕುಂತೆ.
‘ಕೆಡಿಸಿದ್ದಕ್ಕ: ಐವತ್ತು’ ಅಂತ ಬರದೆ.
ಆ ಹುಡುಗ ಮದಲನೇ ಸಲ ನಕ್ಕ.

ನಿನ್ನೆ ರಾತ್ರಿ ಚಿಗರಿ ಬಸ್ಸಿನಾಗ
ಉಣಕಲ್ ದಾಟಿದ ಮ್ಯಾಲ ಹಿಂದಿನ ಸೀಟಿನಾಗ
ಟ್ಯೂಷನ್ ಮುಗಿಸಿದ ಹುಡುಗನೊಬ್ಬ ಅದನ್ನ ಗುನುಗತಿದ್ದ.
ಫೋನಿಲ್ಲ, ಮಿಷಿನ್ನಿಲ್ಲ, ಬರೇ ಮೂಗಿನಾಗ.
ಆ ಜಾಗಾ ಬಂತು.
ಉಸಿರು ಮುಗದ್ರೂ ಬಿಡಲಿಲ್ಲ ಅವ,
ಸವದ ರಬ್ಬರು ಹೆಂಗ ಎಳೀತಿತ್ತೋ ಹಂಗ ಎಳದ,
ಕಡೀಕ ಕೂದಲೆಳಿಯಷ್ಟು ಇಳಿಸಿ.

ಹಲ್ಲು ಸಿಡದಂಗ ಆತು ನನಗ.
ಕಿಸೆದಾಗ ಕೈ ಹೋತು,
ಸ್ಕ್ರೂಡ್ರೈವರ್ ಹುಡುಕಾಕ.