ಬಂದ್ಯೋಡಿನಲ್ಲಿ ಅರ್ಧ ನಿಮಿಷ

ನಾಲ್ಕೂಕಾಲಿಗೆ ವಾರಿಜ ಏಳುತ್ತಾಳೆ, ನಾನು ನಾಲ್ಕಕ್ಕೆ.
ಈ ಕಾಲು ಗಂಟೆಯ ಹಿರಿತನ ನನಗೆ ಬೇಕು:
ಒಲೆಗೆ ಕುಚ್ಚಿಲಕ್ಕಿ, ಖಾಕಿ ಅಂಗಿಗೆ ಇಸ್ತ್ರಿ,
ಚೀಲಕ್ಕೆ ನೀರಿನ ಬಾಟಲಿ, ಚಿಲ್ಲರೆಯ ಪೊಟ್ಟಣ,
ಒಂದರವು ಬೇರೆ, ಎರಡರವು ಬೇರೆ.
ಚಿಲ್ಲರೆ ಜಾಸ್ತಿಯಿದ್ದ ದಿನ ಅವಳ ಸಿಟ್ಟು ಕಡಿಮೆ.
ಗೇಟಿನ ತನಕ ಟಾರ್ಚು ಹಿಡಿಯುತ್ತೇನೆ.
ಅಲ್ಲಿಂದಾಚೆ ಅವಳು ಸರಕಾರದವಳು.

ಮಗಳ ಜಡೆಗೆ ನನ್ನ ಕೈ ಹೊಂದಿದ್ದು ಬೇಗ.
ಹರಿದ ವಾಲಿಬಾಲ್ ನೆಟ್ಟು ಎಷ್ಟು ಹೆಣೆದಿಲ್ಲ ನಾನು!
ಮೂರು ಎಳೆ, ಒಂದು ಎಳೆತ, ಒಂದು ‘ಅಯ್ಯೋ ಅಪ್ಪಾ’.
ಮೋಕ್ಷಿತ ಕನ್ನಡಿ ನೋಡಿ ಮಾರ್ಕು ಕೊಡುತ್ತಾಳೆ, ಹತ್ತಕ್ಕೆ ಏಳು.
ಅಮ್ಮನಿಗೆ ಆರಂತೆ.
ಇದನ್ನು ನಾನು ಯಾರಲ್ಲೂ ಹೇಳಿಲ್ಲ.

ಮೀನಿನ ಅದ್ದು ಮೊದಮೊದಲು ಹಾರ್ನು ಹೊಡೆದು
‘ಅಕ್ಕ ಇಲ್ವಾ?’ ಎಂದು ನನ್ನ ಭುಜದಾಚೆ ಇಣುಕುತ್ತಿದ್ದ.
ಈಗ ನಾನೇ ಕಿವಿರು ಎತ್ತಿ ನೋಡುತ್ತೇನೆ.
‘ಬಂಗುಡೆ ಬೇಡ, ಮೂರು ದಿನದ ಐಸು. ಬೂತಾಯಿ ತಕ್ಕೊಳ್ಳಿ’
ಎಂದು ದನಿ ತಗ್ಗಿಸುವಷ್ಟು ಸ್ನೇಹ.
ಬೇಲಿಯಾಚೆಯಿಂದ ಬೀಪಾತುಮ್ಮ:
‘ಹುಳಿ ಹಿಡಿತದಲ್ಲಿರಲಿ. ಮೊನ್ನೆ ನೀನು ಕೊಟ್ಟ ಸಾರಿಗೆ
ನನ್ನ ಇದ್ದ ನಾಲ್ಕು ಹಲ್ಲು ಇನ್ನೂ ಜುಂ ಅನ್ನುತ್ತಿದೆ.’

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತಾಯಂದಿರ ಸಭೆ.
ಟೀಚರು ಮಲಯಾಳದಲ್ಲಿ ಅಮ್ಮಂದಿರೇ ಎಂದು ಸುರುಮಾಡಿ
ನನ್ನನ್ನು ಕಂಡು, ಕೆಮ್ಮಿ, ಕನ್ನಡಕ್ಕೆ ಹೊರಳಿ
‘ಮತ್ತೆ... ಇವರೇ’ ಎನ್ನುತ್ತಾರೆ.
ಹುಡಿಯ ಪೊಟ್ಟಣ ಎಲ್ಲರಿಗೂ ಒಂದೇ ತೂಕ.
‘ತಾಯಿ’ ಎಂಬ ಅಚ್ಚಿನ ಕೆಳಗೆ ಜಾಗ ಚಿಕ್ಕದು,
ಪುರಂದರ ಎಂದು ಬರೆದರೆ
ಕೊನೆಯ ರಕಾರ ಗೆರೆಯ ಹೊರಗೆ.

ನಾನು ಹೊಡೆತಗಾರನಾಗಿದ್ದವನಲ್ಲ. ಲಿಫ್ಟರ್.
ಹತ್ತು ವರ್ಷ ಊರಿನ ಟೀಮಿಗೆ ಚೆಂಡು ಎತ್ತಿಕೊಟ್ಟವನು.
ಕಪ್ಪು ಗೆದ್ದ ಪಟದಲ್ಲಿ ಎರಡನೇ ಸಾಲು, ಅರ್ಧ ಮುಖ.
ಆ ಗದ್ದೆಯ ಮೇಲೆ ಈಗ ಆರು ಪಥದ ಹೆದ್ದಾರಿ.
ಸರ್ವಿಸ್ ಲೈನಿದ್ದಲ್ಲಿ ಸರ್ವಿಸ್ ರೋಡು.

ಹನ್ನೊಂದೂ ನಲವತ್ತಕ್ಕೆ ಅವಳ ಮಂಗಳೂರು ಬಸ್ಸು
ಅಲ್ಲಿ ನಿಲ್ಲುವುದು ಅರ್ಧ ನಿಮಿಷ.
ಮನ್ವಿತನನ್ನು ಹೆಗಲಿಗೇರಿಸಿ ಕಾಯುತ್ತೇನೆ.
ಅವಳು ಕರೆಯುವುದಿಲ್ಲ, ಕೈ ಬೀಸುವುದಿಲ್ಲ.
‘ಉಪ್ಪಳ, ಹೊಸಂಗಡಿ, ತಲಪಾಡಿ’ ಎನ್ನುವಾಗ
ಹೊಸಂಗಡಿಯನ್ನು ಸ್ವಲ್ಪ ಎಳೆಯುತ್ತಾಳೆ.
ಆ ಎಳೆದದ್ದು ನಮಗೆ.
ಡಬ್ಬಲ್ ಬೆಲ್ಲು. ಮುಗಿಯಿತು.

ಮೊನ್ನೆ ಬಸ್ಸು ಕೆಳಗಿಳಿಯದೆ ಮೇಲಿನ ರಸ್ತೆಯಲ್ಲೇ ಹೋಯಿತು.
ಹೊಸ ಡ್ರೈವರೋ, ತಡವಾಗಿತ್ತೋ.
ಕಾಂಕ್ರೀಟು ಗೋಡೆಯ ಮೇಲಂಚಿನಲ್ಲಿ
ಒಂದು ಕೆಂಪು ಪಟ್ಟಿ ಓಡಿತು, ಅಷ್ಟೆ.
ಮನ್ವಿತ್ ಅಳಲಿಲ್ಲ. ಎತ್ತಿದ ಕೈ ಇಳಿಸಲು ಮರೆತು
ಮನೆಯ ತನಕ ಹಾಗೇ ಬಂದ,
ಬೀಪಾತುಮ್ಮ ‘ಎಂತಾಯ್ತು ಮಗುವಿನ ಕೈಗೆ?’ ಎನ್ನುವವರೆಗೆ.

ರಾತ್ರಿ ಚಪ್ಪಲಿ ಕಳಚುವ ಮೊದಲೇ ವಾರಿಜ
ಕಿಸೆಯಿಂದ ಒಂದು ಟಿಕೆಟ್ ತೆಗೆದಳು.
ಬಂದ್ಯೋಡಿನಿಂದ ಉಪ್ಪಳ. ಫುಲ್ಲು ಒಂದು. ಹತ್ತು ರೂಪಾಯಿ,
ಸ್ವಂತ ಪರ್ಸಿನಿಂದ ಸರಕಾರದ ಚೀಲಕ್ಕೆ ಹಾಕಿದ್ದು.
‘ಐದು ತುಂಬದವನಿಗೆ ಟಿಕೆಟಿಲ್ಲವಲ್ಲ ಮಾರಾಯ್ತಿ’ ಎಂದೆ.
‘ಅವನಿಗೆ ಅಂತ ಯಾರು ಹೇಳಿದ್ದು?’
ಬಚ್ಚಲಿನ ಬಾಗಿಲು ಹಾಕಿಕೊಂಡಳು.

ಆದರೂ ಅದನ್ನು ಹಿಡಿದು ಮಲಗಿದ್ದು ಅವನೇ.
ಮುಷ್ಟಿಯ ಬೆವರಿಗೆ ಬೆಳಗಾಗುವಷ್ಟರಲ್ಲಿ
ಊರು, ದರ, ಗಂಟೆ ಎಲ್ಲ ಮಾಸಿ ಬರೀ ಬಿಳಿ ಚೀಟಿ.

ನಾಲ್ಕು ಗಂಟೆ. ಹಾಲಿನ ಲೆಕ್ಕ ಬರೆಯಲು
ಕಾಗದ ಹುಡುಕುತ್ತಿದ್ದೆ.
ಅದರಲ್ಲಿ ಬರೆಯಲಿಲ್ಲ.